ರಸ್ತೆಯ ಆ ಬದಿಯ ಬಸ್ಸು

"ನನ್ನ ಹೆಂಡತಿಗೆ ಈ ಊರನ್ನು ನಾನೊಬ್ಬನೇ ತೋರಿಸುತ್ತೇನೆ. ಗೈಡೂ ಬೇಡ, ಗೀಡೂ ಬೇಡ!"

ಹೋಟೆಲಿನ ಊಟದ ಕೋಣೆಯಲ್ಲಿ, ನಮ್ಮ ಟೂರಿನವರೆಲ್ಲರ ಎದುರು, ನಾನು ಹೀಗೆ ಘೋಷಿಸಿದೆ. ಜೀವಮಾನವಿಡೀ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು ನಾನು. ಬಸ್ಸಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿ ಬರಬೇಕು.

ಅದು ನಮ್ಮ ಪರದೇಶ ಪ್ರವಾಸದ ಕೊನೆಯ ದಿನ. ಯಾರಿಗೆ ಏನು ಬೇಕೋ ನೋಡಿಕೊಳ್ಳಿ ಎಂದು ಟೂರಿನವರು ಬಿಟ್ಟಿದ್ದರು. ನನ್ನವಳಿಗೆ ಬೇಕಾದದ್ದು ಒಂದೇ. ಆ ಊರಿನ ಮ್ಯೂಸಿಯಮ್ಮಿನಲ್ಲಿ ಹಳೇ ಕಾಲದ ರಾಣಿಯೊಬ್ಬಳ ಕಸೂತಿಯ ನಿಲುವಂಗಿ ಇದೆ. ಅದರ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ತನ್ನ ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಅಂಟಿಸಿಕೊಂಡವಳು ಅವಳು. ಊರವರ ಬಟ್ಟೆಗಳನ್ನೆಲ್ಲ ಹೊಲಿದು ಹೊಲಿದು ಕಣ್ಣು ಮಂಜಾಗುವ ಮೊದಲು ಆ ಹೊಲಿಗೆಯನ್ನೊಮ್ಮೆ ಹತ್ತಿರದಿಂದ ನೋಡಬೇಕೆಂಬ ಆಸೆ.

ಹೊರಗೆ ಬಂದರೆ ಬೀದಿಯೆಲ್ಲ ಕಾದ ಹೆಂಚು. ಹೋಟೆಲಿನವರು ಹೇಳಿದ್ದ ನಂಬರಿನ ಬಸ್ಸಿಗಾಗಿ, ನಮ್ಮೂರಿನ ಅಭ್ಯಾಸದಂತೆ, ರಸ್ತೆಯ ಎಡಬದಿಯ ಸ್ಟಾಪಿನಲ್ಲಿ ನಿಂತೆವು. ಬಸ್ಸು ಬಂತು. ಠೀವಿಯಿಂದ ಹತ್ತಿಸಿದೆ.

"ರೀ, ನಿನ್ನೆ ಟೂರಿನ ಬಸ್ಸಿಂದ ಮ್ಯೂಸಿಯಂ ಅಂತ ಕೈ ತೋರಿಸಿದ್ದು ಆ ಕಡೆ ಅಲ್ವಾ? ಇಲ್ಲಿ ಗಾಡಿಗಳೆಲ್ಲ ಬಲಗಡೆ ಓಡ್ತವೆ. ನಾವು ರಸ್ತೆ ದಾಟಿ ಹತ್ತಬೇಕಿತ್ತೇನೋ."

"ಬಸ್ಸಿನ ವಿಷಯ ನನಗೆ ಹೇಳ್ಕೊಡ್ತೀಯಾ? ನಂಬರ್ ಸರಿ ಇದೆ, ಸುಮ್ನೆ ಕೂತ್ಕೋ."

ಸುಮ್ಮನೆ ಕೂತಳು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಅಂಗಡಿಗಳು ಮುಗಿದವು, ಮನೆಗಳು ಮುಗಿದವು, ಗೋದಾಮುಗಳೂ ಮುಗಿದವು. ಕೊನೆಗೆ ಬಸ್ಸು ದೊಡ್ಡದೊಂದು ಗೇಟಿನೊಳಗೆ ಹೊಕ್ಕು ನಿಂತಿತು. ಎಲ್ಲಿ ನೋಡಿದರೂ ಬಸ್ಸು, ಡೀಸೆಲ್ ವಾಸನೆ. ಅದು ಡಿಪೋ!

ಅವಳು ಸುತ್ತ ಕಣ್ಣಾಡಿಸಿ ಕೇಳಿದಳು, "ರಾಣಿ ಇಲ್ಲೇ ಇರ್ತಿದ್ಳಾ?"

ಮರಳುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಪಕ್ಕದಲ್ಲಿ ಡ್ರೈವರೊಬ್ಬ ಕೆಟ್ಟು ನಿಂತ ಬಸ್ಸಿನ ಬಾನೆಟ್ ಎತ್ತಿ ತಲೆ ಕೆರೆದುಕೊಳ್ಳುತ್ತಿದ್ದ. ಅಂಥದ್ದನ್ನು ಕಂಡೂ ಸುಮ್ಮನಿರಲು ನಾನೇನು ಕಲ್ಲೇ? ಹೋಗಿ ನಾನೂ ತಲೆ ತೂರಿಸಿದೆ. ಅವನು ಅವನ ಭಾಷೆಯಲ್ಲಿ, ನಾನು ನನ್ನ ಭಾಷೆಯಲ್ಲಿ, ಇಬ್ಬರೂ ಸೇರಿ ಒಂದೇ ರೇಡಿಯೇಟರನ್ನು ಬಾಯ್ತುಂಬ ಬೈದೆವು. ಹಿಂದಿನಿಂದ ಹೆಂಡತಿ ಏನೋ ಕೇಳಿದಳು. "ಹೂಂ" ಎಂದೆ. ಮತ್ತೇನೋ ಕೇಳಿದಳು. "ಹೂಂ ಹೂಂ" ಎಂದೆ.

ಇಂಜಿನ್ ಗುರ್ ಎಂದಿತು. ವಿಜಯೋತ್ಸಾಹದಲ್ಲಿ ತಿರುಗಿ ನೋಡಿದರೆ ಹೆಂಡತಿ ಇಲ್ಲ.

ಫೋನು ನನ್ನ ಜೇಬಿನಲ್ಲಿ, ನೀರಿನ ಬಾಟಲಿ ನನ್ನ ಕೈಯಲ್ಲಿ. ಅವಳ ಹತ್ತಿರ ಇದ್ದದ್ದು ಬಸ್ಸಿನ ಪಾಸು, ಮ್ಯೂಸಿಯಮ್ಮಿನ ಟಿಕೆಟು, ಅಷ್ಟೇ. ಭಾಷೆ ಬಾರದ ಊರು, ನೆತ್ತಿ ಸುಡುವ ಬಿಸಿಲು. ಡಿಪೋ ತುಂಬ ಕೂಗುತ್ತಾ ಓಡಾಡಿದೆ. ಹೆಂಗಸರ ಶೌಚಾಲಯದ ಬಾಗಿಲು ತಟ್ಟಿ, ಅರ್ಥವಾಗದ ಭಾಷೆಯಲ್ಲಿ ಚೆನ್ನಾಗಿ ಅರ್ಥವಾಗುವಂತೆ ಬೈಸಿಕೊಂಡೆ. ಕೊನೆಗೆ ಆ ಡ್ರೈವರೇ ನನ್ನನ್ನು ಹಿಡಿದು ನಿಲ್ಲಿಸಿ, ಗೇಟಿನ ಕಡೆ ಕೈ ತೋರಿಸಿ, ಹೆಂಗಸೊಬ್ಬಳು ಬಸ್ಸು ಹತ್ತಿ ಹೋದಂತೆ ಅಭಿನಯಿಸಿದ.

ಮುಂದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದು ಕಟ್ಟಡವನ್ನೂ ನೋಡಲಿಲ್ಲ. ಫುಟ್‌ಪಾತಿನಲ್ಲಿ ಹೋಗುವವರ ಮುಖಗಳನ್ನೇ ನೋಡಿದೆ. ಅವಳಿಲ್ಲದೆ ಮನೆಯ ಬೀಗ ತೆಗೆಯುವುದನ್ನು ನೆನೆಸಿಕೊಂಡು, ಸೀಟು ಬಿಟ್ಟೆದ್ದು ಬಾಗಿಲ ಬಳಿಯೇ ನಿಂತೆ.

ಮ್ಯೂಸಿಯಮ್ಮಿನ ಬಾಗಿಲು ಹಾಕುತ್ತಿದ್ದರು. ಮೆಟ್ಟಿಲ ನೆರಳಿನಲ್ಲಿ ಅವಳು ಆರಾಮಾಗಿ ಕೂತಿದ್ದಳು. ನಾನು ಪಕ್ಕದಲ್ಲಿ ಕುಸಿದು ಕೂತು, ನಾಚಿಕೆ ಬಿಟ್ಟು ಅತ್ತುಬಿಟ್ಟೆ.

"ಅಯ್ಯೋ, ಯಾಕ್ರೀ? ಮೊದಲು ಆ ನೀರು ಕೊಡಿ." ಗಟಗಟ ಕುಡಿದಳು. ಅವಳ ಮುಖ ಬೆಳಗುತ್ತಿತ್ತು. "ನೋಡ್ದೆ ರೀ. ಒಂದೊಂದು ಹೊಲಿಗೆನೂ ನೋಡ್ದೆ. ತೋಳಿನ ಹತ್ರ ಒಂದ್ಕಡೆ ಬಿಚ್ಚಿ ಮತ್ತೆ ಹೊಲ್ದಿದಾರೆ. ರಾಣಿ ದರ್ಜಿಗೂ ತಪ್ಪಾಗ್ತಿತ್ತು!"

"ನನಗೊಂದು ಮಾತು ಹೇಳದೆ ಬಂದ್ಬಿಡೋದಾ?"

"ಕೇಳಿದ್ನಲ್ಲ. ಬಸ್ ಹೊರಡ್ತಿದೆ, ಹೋಗ್ಲಾ ಅಂದೆ, ಹೂಂ ಅಂದ್ರಿ. ಒಬ್ಬಳೇ ಹೋಗ್ಲಾ ಅಂದೆ, ಹೂಂ ಹೂಂ ಅಂದ್ರಿ."

"ಆದ್ರೂ, ಗುರುತು ಪರಿಚಯ ಇಲ್ಲದ ಊರಲ್ಲಿ ನನ್ನೊಬ್ಬನನ್ನೇ ಬಿಟ್ಟು ಬರೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು?"

ಅವಳು ತನ್ನ ಕರವಸ್ತ್ರದಿಂದ ನನ್ನ ಕೆನ್ನೆಯ ಗ್ರೀಸ್ ಒರೆಸುತ್ತಾ ಹೇಳಿದಳು:

"ಬೇರೆಲ್ಲಾದ್ರೂ ಆಗಿದ್ರೆ ಬಿಡ್ತಾನೇ ಇರ್ಲಿಲ್ಲ ರೀ. ಡಿಪೋ ಅಲ್ವಾ, ಆಟ ಆಡ್ಕೊಂಡು ಇರ್ತೀರ ಅಂತ ಧೈರ್ಯವಾಗಿ ಬಿಟ್ಟು ಬಂದೆ."