ಬೇಸಿಗೆಯ ಅಪ್ಪಣೆಗೆ ಕಾದ ಫ್ಯಾನುಗಳು

ಲಾಂಡ್ರಿಯ ಘನ ವ್ಯವಸ್ಥಾಪಕರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು, ತಮ್ಮ ಕೊಠಡಿಯ ಏಸಿ ಮತ್ತು ಆ ಏಸಿಯ ಚಳಿಗೆ ತಾವು ಹೊದ್ದುಕೊಳ್ಳುವ ಶಾಲು ಸರ್ವರೂ ಕ್ಷೇಮವೆಂದು ನಂಬಿ, ಇಸ್ತ್ರಿ ವಿಭಾಗದ ಮೂರನೇ ಮೇಜಿನ ಮುಂದೆ ನಿಂತುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ತಮ್ಮ ಸುತ್ತೋಲೆಯ ಪಕ್ಕದಲ್ಲೇ ನೋಟಿಸ್ ಬೋರ್ಡಿಗೆ ಅಂಟಿಸುತ್ತಿರುವುದು ಉದ್ಧಟತನದಿಂದಲ್ಲ. ತಮ್ಮ ಕೊಠಡಿಯ ಬಾಗಿಲು ತೆರೆದರೆ ತಂಪೆಲ್ಲ ಹೊರಗೆ ಹೋಗುತ್ತದೆಂದು ತಾವೇ ಗದರಿದ್ದು ನನಗಿನ್ನೂ ನೆನಪಿದೆ.

ಮೊದಲಿಗೆ ಅಭಿನಂದನೆಗಳು. ಇಂದು ವರ್ಷದ ಅತಿ ದೊಡ್ಡ ಹಗಲು, ಅಂದರೆ ತಮ್ಮ ಸುತ್ತೋಲೆಯ ಪ್ರಕಾರ ಬೇಸಿಗೆಯ ಮೊದಲ ದಿನ. ‘ಬೇಸಿಗೆ ಆರಂಭವಾಗುವ ಮುನ್ನ ಇಸ್ತ್ರಿ ವಿಭಾಗದ ಫ್ಯಾನುಗಳನ್ನು ಯಾರೂ ಹಾಕತಕ್ಕದ್ದಲ್ಲ’ ಎಂಬ ನಿಯಮ ಬಂದಾಗ, ಬೇಸಿಗೆ ಬಂತೋ ಇಲ್ಲವೋ ಎಂದು ದಡ್ಡರಾದ ನಾವು ನಮ್ಮ ಮೈಯನ್ನು ಕೇಳಿಕೊಂಡೆವು. ವಿದ್ಯಾವಂತರಾದ ತಾವು ಗೋಡೆಯ ಕ್ಯಾಲೆಂಡರನ್ನು ಕೇಳಿದಿರಿ. ರಸ್ತೆಯ ಡಾಂಬರು ಚಪ್ಪಲಿಗೆ ಅಂಟತೊಡಗಿ ಎರಡು ತಿಂಗಳಾಗಿದ್ದರೂ, ಇಸ್ತ್ರಿಯ ಆವಿಯಲ್ಲಿ ನಮ್ಮ ಬಟ್ಟೆ ತೊಟ್ಟಿಯಲ್ಲಿ ನೆನೆಹಾಕಿದ ಬಟ್ಟೆಗಿಂತ ಹೆಚ್ಚು ತೊಯ್ದಿದ್ದರೂ, ತಾವು ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, “ಇದಿನ್ನೂ ವಸಂತ ಕಣ್ರಮ್ಮ, ಈ ಸಲ ಸ್ವಲ್ಪ ಜೋರಾಗಿದೆ ಅಷ್ಟೆ” ಎಂದು ಧೈರ್ಯ ತುಂಬಿ ಹೋಗುತ್ತಿದ್ದಿರಿ. ವಸಂತ ಎಂದರೆ ಹೀಗೆ ಬೆನ್ನಿನ ತುಂಬ ಬೆವರುಸಾಲೆ ಏಳಿಸುವ ಋತುವೆಂದು ನಮಗೆ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಕಳೆದ ವಾರ ಎರಡನೇ ಮೇಜಿನ ನನ್ನ ಚಿಕ್ಕಮ್ಮ ಹೋಟೆಲಿನವರ ಹಾಸುಬಟ್ಟೆ ಮಡಚುತ್ತಾ ಮಡಚುತ್ತಾ ತಾನೇ ಮಡಚಿಕೊಂಡು ಬಿದ್ದಳು. ಮುಖಕ್ಕೆ ನೀರು ಚಿಮುಕಿಸಿದೆವು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, “ಇಸ್ತ್ರಿ ಪೆಟ್ಟಿಗೆ ಆಫ್ ಮಾಡಿದ್ಯೇನೆ? ಬಟ್ಟೆ ಸುಟ್ಟೀತು” ಎಂದು. ಲಾಂಡ್ರಿಯ ಮೇಲೆ ಅಷ್ಟು ಪ್ರೀತಿ ಇಟ್ಟವಳು ಡಾಕ್ಟರು ಕೊಟ್ಟ ಚೀಟಿ ಹಿಡಿದು ತಮ್ಮ ಮುಂದೆ ಬಂದರೆ, ‘ಸೆಖೆಯಿಂದ ನಿತ್ರಾಣ’ ಎಂಬುದನ್ನು ಓದಿ ತಾವು ನಕ್ಕುಬಿಟ್ಟಿರಿ: “ಬೇಸಿಗೆನೇ ಬಂದಿಲ್ಲ, ಸೆಖೆ ಎಲ್ಲಿಂದ ಬಂತಮ್ಮ?” ಸೆಖೆಯಲ್ಲದ ಮೇಲೆ ಅದು ಅವಳ ಮೈಯದೇ ಸೋಲು, ಸೋತ ಮೈಗೆ ಇಲ್ಲಿ ಮೇಜಿಲ್ಲ, ನಾಳೆಯಿಂದ ಬರುವುದು ಬೇಡ ಎಂದು ನಿಂತ ಕಾಲಲ್ಲೇ ತೀರ್ಮಾನಿಸಿದಿರಿ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು, ಕೈ ಸುಟ್ಟುಕೊಳ್ಳದೆ ಕಾಲರ್ ತಿರುಗಿಸುವುದನ್ನು ಕಲಿಸಿದವಳು, ಈಗ ಮನೆಯಲ್ಲಿ ದಿಂಬಿನ ಕವರುಗಳನ್ನು ಅಂಗೈಯಿಂದ ನೀವುತ್ತಾ ಕೂತಿರುತ್ತಾಳೆ. ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ ಮಾನ್ಯರೇ. ಇದನ್ನು ನಯವಾಗಿ ಹೇಳಲು ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಇಂದು ಬೆಳಗ್ಗೆ ತಾವು ಸ್ವಹಸ್ತದಿಂದ ಸ್ವಿಚ್ಚು ಒತ್ತಿದ ಗಳಿಗೆಯ ವೈಭವವನ್ನು ಹೇಗೆ ವರ್ಣಿಸಲಿ? ವರ್ಷವಿಡೀ ರೆಕ್ಕೆಗಳ ಮೇಲೆ ಕೂತಿದ್ದ ಧೂಳು ಒಗೆದಿಟ್ಟ ಬಿಳಿ ಹಾಸುಬಟ್ಟೆಗಳ ಮೇಲೆಲ್ಲ ಉದುರಿತು; ಅವನ್ನೆಲ್ಲ ಮತ್ತೆ ಒಗೆಯಲು ಹೊತ್ತುಕೊಂಡು ಹೋಗುವವರ ನಡುವೆ ನಿಂತು ತಾವು ಚಪ್ಪಾಳೆ ತಟ್ಟಿದಿರಿ. ನಾಳೆಯಿಂದ ಹಗಲು ಕಿರಿದಾಗುತ್ತಾ ಹೋಗುವುದರಿಂದ ಫ್ಯಾನಿನ ವೇಗವನ್ನೂ ಹಾಗೇ ಇಳಿಸುತ್ತಾ ಬರಬೇಕೆಂದು ಅಪ್ಪಣೆಯನ್ನೂ ಕೊಟ್ಟಿರಿ. ಭಾನುವಾರ ಮಾಲೀಕರ ಮಗಳ ಮದುವೆಗೆ ಬೇಕೆಂದು ತಮ್ಮ ಉಣ್ಣೆಯ ಸೂಟನ್ನು ನನ್ನ ಮೇಜಿನ ಮೇಲಿಟ್ಟು ಹೋದಿರಿ. ಚಿಕ್ಕಮ್ಮನ ಖಾಲಿ ಮೇಜಿನ ಮೇಲಿನ ಫ್ಯಾನು ಮಾತ್ರ ಎಲ್ಲಕ್ಕಿಂತ ಜೋರಾಗಿ, ಯಾರಿಗೂ ಅಲ್ಲದೆ ತಿರುಗುತ್ತಿದೆ.

ಇಷ್ಟು ಮಾಡಿದ ತಮ್ಮಿಂದ ಇನ್ನೂ ಕೆಲವು ಉಪಕಾರ ಆಗಬೇಕು. ಇಸ್ತ್ರಿ ಪೆಟ್ಟಿಗೆಗಳಿಗೂ ಒಂದು ಸುತ್ತೋಲೆ ಹೊರಡಿಸಿ, ಬೇಸಿಗೆಯ ಮೊದಲ ದಿನದವರೆಗೆ ಅವು ಬಿಸಿಯಾಗದಂತೆ ತಾಕೀತು ಮಾಡಬೇಕು. ಬೆವರಿಗೂ ಕ್ಯಾಲೆಂಡರ್ ನೋಡುವುದನ್ನು ಕಲಿಸಬೇಕು. ತಮ್ಮ ಅನುಮತಿ ಇಲ್ಲದೆ ಎರಡು ತಿಂಗಳು ಮುಂಚೆಯೇ ಕೆಲಸಕ್ಕೆ ಹಾಜರಾದ ಸೂರ್ಯನನ್ನು ಕರೆಸಿ ವಿವರಣೆ ಕೇಳಬೇಕು. ಅವನು ತಮ್ಮ ಕೊಠಡಿಗೆ ಬರುವುದಾದರೆ ದಯವಿಟ್ಟು ಏಸಿ ಆರಿಸಿರಬೇಕು. ಇವೆಲ್ಲ ಕಷ್ಟವೆನಿಸಿದರೆ ಒಂದೇ ಒಂದು ಸಣ್ಣ ಕೆಲಸ ಮಾಡಿ: ನನ್ನ ಚಿಕ್ಕಮ್ಮನನ್ನು ಅವಳ ಮೇಜಿಗೆ ವಾಪಸ್ ಕರೆಸಿ. ಈಗಂತೂ ಬೇಸಿಗೆ ಕಾನೂನುಬದ್ಧವಾಗಿಯೇ ಬಂದಿದೆ. ಇನ್ನು ಮುಂದೆ ಅವಳು ಬಿದ್ದರೂ ನಿಯಮ ಮೀರಿದಂತಾಗುವುದಿಲ್ಲ.

ಹೆಚ್ಚು ಬರೆದು ತಮ್ಮ ತಂಪು ಕೆಡಿಸಲಾರೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಸರಿಯಿದ್ದರೆ ತಲೆಗೆ ಹಾಕಿಕೊಳ್ಳಿ.

ಬೆವರೊರೆಸಿಕೊಂಡು ಸಹಿ ಮಾಡುವ
ತಮ್ಮ ವಿಶ್ವಾಸಿ,
ಮೂರನೇ ಮೇಜಿನವಳು

ತಾಜಾ ಕಲಂ: ಸೂಟಿನ ವಿಷಯ ಮರೆತಿದ್ದೆ. ಉಣ್ಣೆ ಚಳಿಗಾಲದ ಬಟ್ಟೆಯಾದ್ದರಿಂದ, ತಾವು ಕಲಿಸಿದ ಶಿಸ್ತಿನಂತೆ, ಚಳಿಗಾಲದ ಮೊದಲ ದಿನ, ಅಂದರೆ ವರ್ಷದ ಅತಿ ಸಣ್ಣ ಹಗಲಿನ ದಿನ, ಅದನ್ನು ಇಸ್ತ್ರಿ ಮಾಡಿ ಕಳಿಸಲು ಎಲ್ಲ ಮೇಜಿನವರೂ ಒಮ್ಮತದಿಂದ ತೀರ್ಮಾನಿಸಿದ್ದೇವೆ. ಭಾನುವಾರವೇ ಬೇಕಿದ್ದರೆ ದಯವಿಟ್ಟು ಎರಡನೇ ಮೇಜಿನಲ್ಲಿ ವಿಚಾರಿಸಿ. ಅಲ್ಲಿ ಫ್ಯಾನಿದೆ.