ಸ್ಲೀಪಿ ಅಪ್ಪ, ಅಸ್ಲೀಪ್ ಅಪ್ಪ

ಭಾನುವಾರ ಹುಳಿಯನ್ನ, ಮೊಸರನ್ನ ಮುಗಿಸಿ ಚಾಪೆಯ ಮೇಲೆ ಅಡ್ಡಾದ ಮನುಷ್ಯನಿಗೆ ಜಗತ್ತಿನಲ್ಲಿ ಯಾರ ಮೇಲೂ ಸಿಟ್ಟಿರುವುದಿಲ್ಲ. ಆಸ್ಟ್ರೇಲಿಯಾದ ಪರ್ತ್‌ಗೆ ಬಂದ ಮೇಲೆ ದೊಡ್ಡ ಸೋಫಾ ಕೊಂಡಿದ್ದೇವೆ, ನಿಜ. ಆದರೆ ನನ್ನ ನಿದ್ದೆ ಮಾತ್ರ ಮೈಸೂರಿನ ಆ ಚಾಪೆಯನ್ನು ಬಿಟ್ಟು ಮೇಲೆ ಹತ್ತಿಲ್ಲ. ಒಳಗೆ ಹುಳವೇನಾದರೂ ಇದೆಯೇ ಎಂದು ಏರ್‌ಪೋರ್ಟಿನವರು ಬಿಚ್ಚಿ, ಕೊಡವಿ ನೋಡಿ ಬಿಟ್ಟುಕೊಟ್ಟ ಚಾಪೆ ಅದು.

ಹಾಗೆಂದು ನಾನು ಸಾಧುವೇನಲ್ಲ. ನನಗೆ ತಿದ್ದುವ ಚಟ. ಮಗಳು ಅನನ್ಯಾ ಇಲ್ಲೇ ವಿಲೆಟನ್‌ನಲ್ಲಿ ಹುಟ್ಟಿ ಬೆಳೆದವಳು. ಅವಳು ಒಂದು ಕನ್ನಡ ವಾಕ್ಯ ಆಡುವುದೇ ತಡ, "ಅಂಕಲ್ ಬಂತು ಅಲ್ಲ ಪುಟ್ಟಿ, ಬಂದರು" ಎಂದು ಆ ವಾಕ್ಯದ ಕಿವಿ ಹಿಂಡುತ್ತಿದ್ದೆ. ಬರಬರುತ್ತಾ ಅವಳು ಪೂರ್ತಿ ಇಂಗ್ಲಿಷಿಗೆ ಜಾರಿಕೊಂಡಳು. "ತಿದ್ದಿ ತಿದ್ದಿ ಮಗು ಬಾಯೇ ಮುಚ್ಚಿಸಿಬಿಟ್ರಿ" ಎನ್ನುತ್ತಾಳೆ ನನ್ನ ಹೆಂಡತಿ ಸುಮಾ. ಮಗಳ ಬಾಯಲ್ಲಿ ಕನ್ನಡ ಕೇಳದೆ ಎಷ್ಟೋ ಕಾಲವಾಗಿತ್ತು. ಅದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಹೋದ ತಿಂಗಳ ಒಂದು ಭಾನುವಾರ ಅವಳು ಹೋಮ್‌ವರ್ಕ್ ಹಿಡಿದು ನನ್ನ ಚಾಪೆಯ ಪಕ್ಕ ಬಂದು ಕೂತಳು. "ಅಪ್ಪಾ, ಸ್ಲೀಪಿ ಅಂಡ್ ಅಸ್ಲೀಪ್, ವಾಟ್ಸ್ ದ ಡಿಫರೆನ್ಸ್?"

ನನಗೆ ಹಿಗ್ಗೋ ಹಿಗ್ಗು. "ಎರಡೂ ಗುಣವಾಚಕಾನೇ ಪುಟ್ಟಿ. ಸ್ಲೀಪಿ ಅಂದ್ರೆ ನಿದ್ದೆ ಬರ್ತಾ ಇದೆ ಅಂತ, ಅಸ್ಲೀಪ್ ಅಂದ್ರೆ ಬಂದ್ಬಿಟ್ಟಿದೆ ಅಂತ. ಸ್ಲೀಪಿ ಬೇಬಿ ಅನ್ನಬಹುದು, ಅಸ್ಲೀಪ್ ಬೇಬಿ ಅನ್ನೋ ಹಾಗಿಲ್ಲ. ದ ಬೇಬಿ ಈಸ್ ಅಸ್ಲೀಪ್ ಅಂತ ಕೊನೇಲಿ ಬರುತ್ತೆ..." ಹೊರಗೆ ಮ್ಯಾಗ್‌ಪೈ ಹಕ್ಕಿಯ ಕೂಗು ದೂರವಾಯಿತು. ಕಿಟಕಿಯ ಪರದೆ ಮೆಲ್ಲಗೆ ಉಬ್ಬಿತು, ಇಳಿಯಿತು. ಗುಣವಾಚಕಗಳೆಲ್ಲ ಒಂದೊಂದಾಗಿ ಬಿಸಿಲಿನಲ್ಲಿ ತೇಲಿಹೋದವು.

ಎಚ್ಚರವಾದಾಗ ಮೈಮೇಲೆ ಹೊದಿಕೆಯಿತ್ತು. ಕಣ್ಣು ಇನ್ನೂ ತೆರೆದಿರಲಿಲ್ಲ. ಅಡುಗೆಮನೆಯಲ್ಲಿ ಸುಮಾ ಮಿಕ್ಸಿಗೆ ಮುಚ್ಚಳ ಹಾಕಿದ ಸದ್ದಾಯಿತು. ಪಕ್ಕದಲ್ಲೇ ಅನನ್ಯಾಳ ಮೆಲುದನಿ: "ಅಮ್ಮಾ, ಮಿಕ್ಸಿ ಬೇಡ. ಅಪ್ಪ ಮಲ್ಕೊಂಡಿದೆ. ಪಾಪ, ತುಂಬಾ ಕೆಲಸ ಮಾಡುತ್ತೆ."

ಮಲ್ಕೊಂಡಿದೆಯಂತೆ! ನಾನೇನು ಮನೆಯ ಬೆಕ್ಕೇ? "ಮಲಗಿದ್ದಾರೆ" ಎಂಬುದು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು, ಕಚ್ಚಿ ಹಿಡಿದೆ. ಕಣ್ಣು ಬಿಟ್ಟರೆ ಆ ಕನ್ನಡ ಮತ್ತೆ ಅಡಗಿಕೊಳ್ಳುತ್ತಿತ್ತು. ಮುಚ್ಚಿದ ಕಣ್ಣೇ ಒದ್ದೆಯಾಯಿತು.

ಅಂದಿನಿಂದ ಪ್ರತಿ ಭಾನುವಾರ ಊಟ ಮುಗಿದದ್ದೇ ತಡ, ಕಣ್ಣು ಮುಚ್ಚಿ, ಕಿವಿ ತೆರೆದು, ಸಣ್ಣ ಗೊರಕೆ ಹೊಡೆಯುತ್ತಾ ಕಾಯುತ್ತೇನೆ. ನಿದ್ದೆ ಬಂದರೂ ಬರಗೊಡುವುದಿಲ್ಲ. ಈ ಸ್ಥಿತಿಗೆ ಇಂಗ್ಲಿಷಿನಲ್ಲಿ ಯಾವ ಗುಣವಾಚಕವೋ ನಾನರಿಯೆ.

ನಿನ್ನೆಯೂ ಹಾಗೆಯೇ ಮಲಗಿದ್ದೆ. ಅನನ್ಯಾ ಹತ್ತಿರ ಬಂದು ಬಗ್ಗಿ ನೋಡಿದಳು.

"ಅಮ್ಮಾ, ಅಪ್ಪಂಗೆ ನಿದ್ದೆ ಬಂದಿಲ್ಲ. ಸುಮ್ನೆ ನಾಟಕ ಮಾಡ್ತಾ ಇದೆ. ಪ್ರತಿ ಸಂಡೇ ಹೀಗೇ ಮಾಡುತ್ತೆ!"

ನಾನು ತಿದ್ದಲಿಲ್ಲ. ಗೊರಕೆಯನ್ನು ಇನ್ನಷ್ಟು ಜೋರು ಮಾಡಿದೆ.