ಎರಡು ದೇಶದ ರಾಹುಕಾಲ

"ಬೆಂಗಳೂರಿನಿಂದ ಕೌಲಾಲಂಪುರಕ್ಕೆ ಹತ್ತಿರ ಹತ್ತಿರ ಮೂರು ಸಾವಿರ ಕಿಲೋಮೀಟರ್, ನಾಲ್ಕು ಗಂಟೆ ಹಾರಾಟ. ನಿಮ್ಮಪ್ಪ ಹೊರಡುವಾಗಲೂ ರಾಹುಕಾಲ ಇಲ್ಲ, ಮನೆ ಸೇರುವಾಗಲೂ ಇಲ್ಲ. ಹೇಗಿದೆ ನನ್ನ ಲೆಕ್ಕ!" ಎಂದು ಗಂಗಾಧರ ಕೌಲಾಲಂಪುರದ ತನ್ನ ಮನೆಯಲ್ಲಿ ಹೆಂಡತಿಯ ಮುಂದೆ ಎದೆಯುಬ್ಬಿಸಿದ.

"ಅಪ್ಪನ್ನ ಒಂದ್ಮಾತು ಕೇಳಿದ್ರಾ?" ಎಂದಳು ಭಾನುಮತಿ.

"ಕೇಳೋದೇನು ಬಂತು? ಮದುವೇಲಿ ನೋಡಿಲ್ವಾ!"

ನೋಡಿದ್ದು ನಿಜ. ಅಂದು ಮೈಸೂರಿನಲ್ಲಿ ಮಾವ ಯಜ್ಞನಾರಾಯಣರು ರಾಹುಕಾಲವೆಂದು ಹೊರಟು ನಿಂತ ಮದುವೆ ಬಸ್ಸನ್ನೇ ತಡೆದಿದ್ದರು. ಅದೇ ಮಾವ, ಹೋದ ವರ್ಷ ಅಳಿಯ ತಮ್ಮ ಹುಟ್ಟುಹಬ್ಬದ ಶುಭಾಶಯವನ್ನು ಒಂದು ದಿನ ತಡವಾಗಿ ಹೇಳಿದಾಗ, "ಅಳಿಯಂದಿರಿಗೆ ಕಂಪ್ಯೂಟರ್ ಬರುತ್ತೆ, ಕ್ಯಾಲೆಂಡರ್ ಬರಲ್ಲ" ಎಂದುಬಿಟ್ಟಿದ್ದರು. ಆ ಮಾತು ಗಂಗಾಧರನಿಗೆ ಇನ್ನೂ ಚುಚ್ಚುತ್ತಿತ್ತು. ಈ ಸಲ ಮಾವನಿಂದ ಶಹಬ್ಬಾಸ್ ಅನ್ನಿಸಿಕೊಳ್ಳಲೇಬೇಕು!

ಸೋಮವಾರ ಬೆಳಿಗ್ಗೆ ವಿಮಾನ ಸರಿಯಾಗಿ ಇಳಿಯಿತು. ಪೆಟ್ಟಿಗೆ ಬರುವುದು ತಡವಾಯಿತು. ಮಾವನೊಂದಿಗೆ ನಿಲ್ದಾಣದ ಹೊರಬಾಗಿಲ ತನಕ ಬಂದ ಗಂಗಾಧರನಿಗೆ ಥಟ್ಟನೆ ಹೊಳೆಯಿತು: ಇಲ್ಲಿ ಸೂರ್ಯ ಹುಟ್ಟುವುದೇ ಏಳು ದಾಟಿದ ಮೇಲೆ! ಊರಿನಲ್ಲಿ ಏಳೂವರೆಗೆ ಶುರುವಾಗುವ ಸೋಮವಾರದ ರಾಹುಕಾಲ ಇಲ್ಲಿ ಎಂಟೂವರೆಗೆ, ಅಂದರೆ ಈಗಲೇ!

"ಮಾವ, ಬಾಗಿಲು ದಾಟಬೇಡಿ! ರಾಹುಕಾಲ!"

"ಹಾಗೋ? ಆಗಲಿ ಅಳಿಯಂದಿರೇ," ಎಂದು ಮಾವ ಪೆಟ್ಟಿಗೆಯ ಮೇಲೆ ಕೂತರು. ಎಂಥ ಶ್ರದ್ಧೆ ಎಂದು ಗಂಗಾಧರ ಬೆರಗಾದ.

ಹತ್ತಕ್ಕೆ ಮಾವ ಎದ್ದು, "ಹೊರಡೋಣ್ವಾ?" ಎಂದು ಗಡಿಯಾರ ನೋಡಿದರು. ಗಂಗಾಧರನೂ ಇಣುಕಿದ. ಅದರಲ್ಲಿ ಇನ್ನೂ ಮೈಸೂರಿನ ಏಳೂವರೆ! ಅಲ್ಲಿ ಈಗ ತಾನೇ ರಾಹುಕಾಲ ಶುರು! ಗಂಗಾಧರನ ತಲೆ ಗಿರ್ರೆಂದಿತು. ಮನುಷ್ಯನಿಗೆ ತಗಲುವುದು ಹೊರಟ ಊರಿನ ರಾಹುವೋ, ಇಳಿದ ಊರಿನ ರಾಹುವೋ? ರಾಹುವಿಗೂ ವೀಸಾ ಬೇಕೋ? ಯಾವುದಕ್ಕೂ ಇರಲೆಂದು ಮಾವನನ್ನು ಮತ್ತೆ ಕೂರಿಸಿದ.

ಫೋನ್ ಹೊಡೆದುಕೊಂಡಿತು. "ರೀ, ಎಲ್ಲಿದ್ದೀರಾ? ಇಡ್ಲಿ ಕಲ್ಲಾಯ್ತು!"

"ರಾಹು ಬಿಡ್ತಾ ಇಲ್ಲ ಕಣೇ!"

"ಯಾವ ರಾಹುಲ್ ರೀ? ಅವನನ್ನ ಅಲ್ಲೇ ಬಿಟ್ಟು ಅಪ್ಪನ್ನ ಕರ್ಕೊಂಡು ಬನ್ನಿ!"

ಹನ್ನೊಂದೂವರೆಗೆ ಮೈಸೂರಿನ ರಾಹು ತೊಲಗಿದ. ಅಷ್ಟರಲ್ಲಿ ಇಲ್ಲಿನ ಯಮಗಂಡಕಾಲ ವಕ್ಕರಿಸಿತು. ಅದು ಮುಗಿಯಿತೆನ್ನುವಾಗ ಮೈಸೂರಿನ ಯಮಗಂಡ! ನಾಲ್ಕು ಗಂಟೆಯಲ್ಲಿ ಸಮುದ್ರ ದಾಟಿ ಬಂದ ಮಾವ ಒಂದು ಗಾಜಿನ ಬಾಗಿಲು ದಾಟಲಾರದೆ, ಬರೀ ತೆಹ್ ತಾರಿಕ್ ಚಹಾ ಕುಡಿದುಕೊಂಡು ಮಧ್ಯಾಹ್ನ ಮಾಡಿದರು.

ಬ್ರಿಕ್‌ಫೀಲ್ಡ್ಸ್‌ನ ಮನೆ ಸೇರಿದಾಗ ಭಾನುಮತಿಗೆ ಅಳು ಬಂದುಬಿಟ್ಟಿತು. "ಏನಪ್ಪಾ ಇದು? ಹೊಟ್ಟೆಗಿಲ್ಲದೆ ಇಷ್ಟೆಲ್ಲ ರಾಹುಕಾಲ ನೋಡ್ಬೇಕಾ?"

ಮಾವ ತಬ್ಬಿಬ್ಬಾದರು. "ನಾನೆಲ್ಲಿ ನೋಡ್ತೀನಮ್ಮ? ಅವತ್ತು ಬೀಗಿತ್ತಿ ಹಟ ಹಿಡಿದ್ರು ಅಂತ ಬಸ್ ನಿಲ್ಲಿಸಿದ್ದೆ. ಅಳಿಯಂದಿರಿಗೂ ಅವರ ಅಮ್ಮನ ಹಾಗೇ ನಂಬಿಕೆ ಜಾಸ್ತಿ, ನೊಂದ್ಕೋಬಾರದು ಅಂತ ಹಸ್ಕೊಂಡು ಕೂತಿದ್ದೆ!"

ಗಂಗಾಧರ ಪೆಟ್ಟಿಗೆಯ ಹಿಂದೆ ಮುಖ ಮರೆಸಿಕೊಂಡ. ಮಾವ ಕಲ್ಲಿನಂಥ ಇಡ್ಲಿಯನ್ನು ಚಟ್ನಿಯಲ್ಲಿ ಅದ್ದುತ್ತಾ ಮಗಳಿಗೆ ಹೇಳಿದರು:

"ಹೋದ ವರ್ಷ ನಾನು ಅಂದಿದ್ದು ತಪ್ಪು ಕಣಮ್ಮ. ಅಳಿಯಂದಿರಿಗೆ ಎರಡು ದೇಶದ ಕ್ಯಾಲೆಂಡರೂ ಬರುತ್ತೆ. ಬಾಯ್ಬಿಟ್ಟು ಕೇಳೋದೊಂದು ಬರಲ್ಲ!"